‘78 ಅಂಕ’ ಎಂದರೆ ‘ನೂರಕ್ಕೆ 78 ಜನ ಖುಷಿ’ ಎಂದಲ್ಲ! ಸಮೀಕ್ಷೆಯ ರೇಟಿಂಗ್ ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ

‘ವಾಸಕ್ಕೆ ಬೆಂಗಳೂರೇ ದೇಶದಲ್ಲಿ ನಂಬರ್ ಒನ್. ಜನರೇ ಹೇಳಿದ್ದಾರೆ!’

ಇಂಥದ್ದೊಂದು ಸಾಲು ನಿಮ್ಮ ವಾಟ್ಸ್‌ಆ್ಯಪ್ ಗುಂಪಿಗೂ ಬಂದಿರಬಹುದು. ಬನಶಂಕರಿಯ ಟ್ರಾಫಿಕ್‌ನಲ್ಲಿ ಅರ್ಧ ಗಂಟೆ ನಿಂತವರು ಅದನ್ನು ಓದಿ ನಕ್ಕಿರುತ್ತಾರೆ. ಜಯನಗರದ ಮರಗಳ ನೆರಳಲ್ಲಿ ವಾಕಿಂಗ್ ಮುಗಿಸಿ ಬಂದವರು ‘ಸರಿಯಾಗಿದೆ’ ಎಂದು ಹೆಬ್ಬೆರಳು ಒತ್ತಿರುತ್ತಾರೆ. ಇಬ್ಬರೂ ಒಂದು ಪ್ರಶ್ನೆ ಕೇಳಿರುವುದಿಲ್ಲ: ಈ ಅಂಕ ಬಂದದ್ದು ಹೇಗೆ?

ಸಮೀಕ್ಷೆಗಳಲ್ಲಿ ನಾವು 1ರಿಂದ 5ರವರೆಗೆ ಕೊಡುವ ರೇಟಿಂಗ್, ಕೊನೆಗೆ ಒಂದೇ ಒಂದು ಸಂಖ್ಯೆಯಾಗಿ ಹೊರಬರುತ್ತದೆ. ಆ ದಾರಿಯಲ್ಲಿ ಎಲ್ಲೆಲ್ಲಿ ತಪ್ಪಾಗುತ್ತದೆ, ಎಕ್ಸೆಲ್ ಅಥವಾ ಎಸ್‌ಪಿಎಸ್‌ಎಸ್ ತರಹದ ಸಾಫ್ಟ್‌ವೇರ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದನ್ನು ಸರಳವಾಗಿ ನೋಡೋಣ.

ಆ ವರದಿಯಲ್ಲಿ ಇದ್ದದ್ದು ಏನು?

ಕೇಂದ್ರ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ 2021ರ ಮಾರ್ಚ್ 4ರಂದು ‘ಸುಗಮ ಜೀವನ ಸೂಚ್ಯಂಕ 2020’ ಅನ್ನು ಬಿಡುಗಡೆ ಮಾಡಿತು. ಇಂಗ್ಲಿಷ್ ಪತ್ರಿಕೆಗಳು ಅದನ್ನು ‘ಈಸ್ ಆಫ್ ಲಿವಿಂಗ್ ಇಂಡೆಕ್ಸ್’ ಎಂದು ಬರೆದವು. ಒಟ್ಟು 111 ನಗರಗಳು ಅದರಲ್ಲಿದ್ದವು. ಹತ್ತು ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ 49 ನಗರಗಳದ್ದು ಒಂದು ಪಟ್ಟಿ, ಅದಕ್ಕಿಂತ ಚಿಕ್ಕ 62 ನಗರಗಳದ್ದು ಇನ್ನೊಂದು ಪಟ್ಟಿ. ದೊಡ್ಡ ನಗರಗಳ ಪಟ್ಟಿಯಲ್ಲಿ ಬೆಂಗಳೂರು 66.70 ಅಂಕದೊಂದಿಗೆ ಮೊದಲ ಸ್ಥಾನ ಪಡೆಯಿತು. ಎರಡನೆಯದು ಪುಣೆ, 66.27 ಅಂಕ. ವ್ಯತ್ಯಾಸ ಅರ್ಧ ಅಂಕಕ್ಕಿಂತಲೂ ಕಡಿಮೆ.

ಅಂದರೆ ಮೊದಲ ಸ್ಥಾನ ನಿಜ. ಆದರೆ ‘ಜನರೇ ಹೇಳಿದ್ದಾರೆ’ ಎಂಬುದು?

66.70 ಎಂಬುದು ನಾಲ್ಕು ಭಾಗಗಳ ಮೊತ್ತ. ಜೀವನ ಗುಣಮಟ್ಟಕ್ಕೆ ಶೇ 35ರಷ್ಟು ತೂಕ, ಆರ್ಥಿಕ ಸಾಮರ್ಥ್ಯಕ್ಕೆ ಶೇ 15, ಸುಸ್ಥಿರತೆಗೆ ಶೇ 20, ನಾಗರಿಕರ ಅಭಿಪ್ರಾಯಕ್ಕೆ ಶೇ 30. ಈ ನಾಲ್ಕರಲ್ಲಿ ಬೆಂಗಳೂರಿಗೆ ಬಂದ ಅಂಕಗಳು ಕ್ರಮವಾಗಿ 55.67, 78.82, 59.97 ಮತ್ತು 78.00. ನೀವೇ ಮೊಬೈಲ್ ಕ್ಯಾಲ್ಕುಲೇಟರ್‌ನಲ್ಲಿ ಗುಣಿಸಿ ಕೂಡಿ ನೋಡಿ. 19.48, 11.82, 11.99 ಮತ್ತು 23.40 ಬರುತ್ತವೆ. ದಶಮಾಂಶದ ಸಣ್ಣ ವ್ಯತ್ಯಾಸ ಬಿಟ್ಟರೆ ಮೊತ್ತ ಅದೇ 66.70.

ಈಗ ಮೂರು ವಿಷಯ ಗಮನಿಸಿ.

ಒಂದು: ಜನರನ್ನು ನೇರವಾಗಿ ಕೇಳಿ ಪಡೆದದ್ದು ಒಟ್ಟು ಅಂಕದ ಶೇ 30 ಭಾಗ ಮಾತ್ರ. ಉಳಿದ ಶೇ 70 ಭಾಗ ಬಂದದ್ದು ಬೇರೆ ಅಂಕಿಅಂಶಗಳಿಂದ.

ಎರಡು: ಜನರ ಅಭಿಪ್ರಾಯದ ಅಂಕವನ್ನಷ್ಟೇ ತೆಗೆದುಕೊಂಡು 111 ನಗರಗಳನ್ನು ಒಟ್ಟಿಗೆ ನೋಡಿದರೆ ಮೊದಲ ಸ್ಥಾನ ಭುವನೇಶ್ವರದ್ದು. ನಂತರ ಸಿಲ್ವಾಸಾ. ಮೂರನೆಯದು ನಮ್ಮ ದಾವಣಗೆರೆ! ‘ಜನರೇ ಹೇಳಿದ್ದಾರೆ’ ಎಂದು ಫಾರ್ವರ್ಡ್ ಮಾಡಬೇಕಾಗಿದ್ದವರು ಬೆಣ್ಣೆದೋಸೆ ಊರಿನವರು.

ಮೂರು: ಜನರನ್ನು ಕೇಳಿದ್ದು 2020ರ ಜನವರಿ 16ರಿಂದ ಮಾರ್ಚ್ 20ರವರೆಗೆ. ದೇಶದಲ್ಲಿ ಲಾಕ್‌ಡೌನ್ ಶುರುವಾದದ್ದು ಮಾರ್ಚ್ 25ಕ್ಕೆ. ಫಲಿತಾಂಶ ಬಂದದ್ದು ಒಂದು ವರ್ಷದ ನಂತರ. ಆ ವರ್ಷದಲ್ಲಿ ಎಷ್ಟೋ ಮನೆಗಳ ಬದುಕೇ ಬದಲಾಗಿತ್ತು. ಉತ್ತರಗಳು ಮಾತ್ರ ಹಳೆಯವು.

ಇನ್ನೊಂದು ಮಾತು. 2018ರ ಇದೇ ಸೂಚ್ಯಂಕದಲ್ಲಿ ಬೆಂಗಳೂರು 58ನೇ ಸ್ಥಾನದಲ್ಲಿತ್ತು. ‘58ರಿಂದ 1ಕ್ಕೆ ಜಿಗಿತ’ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಆದರೆ 2018ರಲ್ಲಿ 111 ನಗರಗಳೂ ಒಂದೇ ಪಟ್ಟಿಯಲ್ಲಿದ್ದವು, ನಾಗರಿಕರ ಅಭಿಪ್ರಾಯಕ್ಕೆ ಈ ಶೇ 30ರ ತೂಕ ಇರಲಿಲ್ಲ. ಅಳೆಯುವ ಕೋಲೇ ಬದಲಾದ ಮೇಲೆ ಎರಡು ಅಳತೆಗಳನ್ನು ಹೋಲಿಸುವುದು ಹೇಗೆ?

ಹಾಗಾದರೆ 78 ಎಂದರೆ ಏನು?

78.00 ಎಂಬುದು ನೂರಕ್ಕೆ ಲೆಕ್ಕ ಹಾಕಿದ ಒಂದು ಅಂಕ. ‘ನೂರು ಬೆಂಗಳೂರಿಗರಲ್ಲಿ 78 ಮಂದಿ ಸಂತೋಷವಾಗಿದ್ದಾರೆ’ ಎಂಬ ಅರ್ಥ ಅದಕ್ಕಿಲ್ಲ. ರೇಟಿಂಗ್ ಫಾರ್ವರ್ಡ್‌ಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಇದೇ: ಅಂಕವನ್ನು ಜನರ ಶೇಕಡಾವಾರು ಎಂದು ಓದುವುದು. ಇದು ಹೇಗಾಗುತ್ತದೆ ಎಂದು ತಿಳಿಯಲು ದೊಡ್ಡ ಸಮೀಕ್ಷೆಯನ್ನು ಬದಿಗಿಟ್ಟು ನಮ್ಮ ಬಿಲ್ಡಿಂಗ್‌ಗೇ ಬರೋಣ.

ಜೆ.ಪಿ. ನಗರದಲ್ಲಿ 200 ಮನೆಗಳ ಒಂದು ಅಪಾರ್ಟ್‌ಮೆಂಟ್ ಇದೆ ಎಂದುಕೊಳ್ಳಿ. ಇದು ಕೇವಲ ಉದಾಹರಣೆ, ಸಂಖ್ಯೆಗಳೂ ಲೆಕ್ಕಕ್ಕಾಗಿ ಮಾಡಿಕೊಂಡವು. ಆದರೆ ವಿಷಯ ಮಾತ್ರ ಇಲ್ಲಿನವರಿಗೆಲ್ಲ ಗೊತ್ತಿರುವಂಥದ್ದು: ನೀರು. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ, ಟ್ಯಾಂಕರ್‌ಗೆ ಕಾದ ದಿನಗಳನ್ನು ಬೆಂಗಳೂರು ಮರೆತಿಲ್ಲ.

ಸಮಿತಿಯವರು ಗೂಗಲ್ ಫಾರ್ಮ್ ಕಳಿಸುತ್ತಾರೆ. ಪ್ರಶ್ನೆ ಒಂದೇ: ‘ನೀರಿನ ಪೂರೈಕೆ ನಿಮಗೆ ತೃಪ್ತಿ ತಂದಿದೆಯೇ?’ 1 ಎಂದರೆ ಸ್ವಲ್ಪವೂ ಇಲ್ಲ, 5 ಎಂದರೆ ತುಂಬಾ ತೃಪ್ತಿ. ನೂರು ಮನೆಗಳು ಉತ್ತರಿಸುತ್ತವೆ:

5 ಕೊಟ್ಟವರು: 45
4 ಕೊಟ್ಟವರು: 15
3 ಕೊಟ್ಟವರು: 5
2 ಕೊಟ್ಟವರು: 10
1 ಕೊಟ್ಟವರು: 25

ಶೀಟ್‌ನಲ್ಲಿ ಸರಾಸರಿ ಕೇಳಿದರೆ 3.45 ಎನ್ನುತ್ತದೆ. ಕಾರ್ಯದರ್ಶಿಗಳು ಅದನ್ನು 5ರಿಂದ ಭಾಗಿಸುತ್ತಾರೆ. ಶೇ 69! ಗುಂಪಿಗೆ ಸಂದೇಶ ಹೋಗುತ್ತದೆ: ‘ಶೇ 69 ನಿವಾಸಿಗಳಿಗೆ ನೀರಿನ ಬಗ್ಗೆ ತೃಪ್ತಿ ಇದೆ. ಈ ವರ್ಷ ಹೆಚ್ಚುವರಿ ಟ್ಯಾಂಕರ್ ಬೇಡ.’

ಈ ಒಂದೇ ಸಾಲಿನಲ್ಲಿ ಎರಡು ತಪ್ಪುಗಳಿವೆ.

ಮೊದಲನೆಯದು, 1ರಿಂದ 5ರ ಮಾಪಕ ಸೊನ್ನೆಯಿಂದ ಶುರುವಾಗುವುದಿಲ್ಲ. ಎಲ್ಲರೂ ಅತಿ ಕೆಟ್ಟದ್ದು ಎಂದು 1 ಕೊಟ್ಟರೂ 5ರಿಂದ ಭಾಗಿಸಿದಾಗ ಶೇ 20 ಬಂದುಬಿಡುತ್ತದೆ! ನಟ್ಟನಡುವಿನ 3 ಕೊಟ್ಟರೆ ಶೇ 60, ಪರೀಕ್ಷೆಯಾದರೆ ಫಸ್ಟ್ ಕ್ಲಾಸ್. ನೂರಕ್ಕೆ ಸರಿಯಾಗಿ ಬದಲಿಸಬೇಕೆಂದರೆ ಸರಾಸರಿಯಿಂದ 1 ಕಳೆದು, 4ರಿಂದ ಭಾಗಿಸಿ, 100ರಿಂದ ಗುಣಿಸಬೇಕು. ಆಗ 3.45 ಎಂಬುದು ಸುಮಾರು 61 ಆಗುತ್ತದೆ.

ಎರಡನೆಯದು, ಈ 61 ಕೂಡ ಜನರ ಎಣಿಕೆಯಲ್ಲ. ‘ತೃಪ್ತಿ ಇದೆ’ ಎಂದವರು ಎಷ್ಟು ಎಂದು ತಿಳಿಯಬೇಕಾದರೆ 4 ಮತ್ತು 5 ಕೊಟ್ಟವರನ್ನು ಎಣಿಸಬೇಕು. 45 ಮತ್ತು 15, ಒಟ್ಟು 60. ಇಲ್ಲಿ 61 ಮತ್ತು 60 ಹತ್ತಿರ ಇರುವುದು ಕಾಕತಾಳೀಯ. ಎಲ್ಲರೂ 3 ಕೊಟ್ಟಿದ್ದರೆ ಅಂಕ 50 ಆಗುತ್ತಿತ್ತು, ತೃಪ್ತಿ ಇದೆ ಎಂದವರು ಸೊನ್ನೆ.

ಒಂದೇ ಸರಾಸರಿ, ಎರಡು ಬೇರೆ ಬೇರೆ ಬಿಲ್ಡಿಂಗ್

ಪಕ್ಕದ ರಸ್ತೆಯ ಇನ್ನೊಂದು ಅಪಾರ್ಟ್‌ಮೆಂಟ್‌ನಲ್ಲಿ 55 ಮನೆಯವರು 3 ಕೊಟ್ಟರು, 45 ಮನೆಯವರು 4 ಕೊಟ್ಟರು ಎನ್ನಿ. ಸರಾಸರಿ ಎಷ್ಟು? ಅದೂ 3.45.

ಅಲ್ಲಿ ಎಲ್ಲರದ್ದೂ ‘ಪರವಾಗಿಲ್ಲ’ ಎಂಬ ಸ್ಥಿತಿ. ಇಲ್ಲಿ ನೂರರಲ್ಲಿ 25 ಮನೆಗಳು ‘ಸ್ವಲ್ಪವೂ ಇಲ್ಲ’ ಎಂದು ಹೇಳುತ್ತಿವೆ. ಸರಾಸರಿಗೆ ಈ ಎರಡರ ವ್ಯತ್ಯಾಸ ಕಾಣುವುದೇ ಇಲ್ಲ.

ಸರಾಸರಿ ಬೇಡ, ಹೈಸ್ಕೂಲ್ ಗಣಿತದಲ್ಲಿ ಕಲಿತ ಮಧ್ಯಾಂಕ ನೋಡೋಣ ಎನ್ನುತ್ತೀರಾ? ನೂರು ಉತ್ತರಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ನಿಲ್ಲಿಸಿದರೆ 50ನೆಯದೂ 51ನೆಯದೂ 4. ಹಾಗಾಗಿ ಮಧ್ಯಾಂಕ 4. ಹೆಚ್ಚು ಸಲ ಬಂದ ಉತ್ತರ, ಅಂದರೆ ಬಹುಲಕ, 5. ಇವೆರಡನ್ನೇ ನೋಡಿದರೆ ಬಿಲ್ಡಿಂಗ್‌ನಲ್ಲಿ ಎಲ್ಲವೂ ಚೆನ್ನಾಗಿದೆ ಎನಿಸುತ್ತದೆ! ಯಾವ ಒಂಟಿ ಸಂಖ್ಯೆಯೂ ಪೂರ್ತಿ ಕಥೆ ಹೇಳುವುದಿಲ್ಲ.

ಈಗ ಅದೇ ನೂರು ಉತ್ತರಗಳನ್ನು ಬ್ಲಾಕ್ ಪ್ರಕಾರ ಬೇರ್ಪಡಿಸೋಣ. ಮುಂದಿನ ಬ್ಲಾಕ್‌ನ ಸಂಪಿಗೆ ಕಾವೇರಿ ನೀರು ಬರುತ್ತದೆ, ಹಿಂದಿನ ಬ್ಲಾಕ್‌ಗೆ ಬೋರ್‌ವೆಲ್ ಮತ್ತು ಟ್ಯಾಂಕರ್ ಗತಿ ಎಂದುಕೊಳ್ಳಿ.

ಮುಂದಿನ ಬ್ಲಾಕ್, 60 ಮನೆ: 5 ಕೊಟ್ಟವರು 43, 4 ಕೊಟ್ಟವರು 13, 3 ಕೊಟ್ಟವರು 2, 2 ಕೊಟ್ಟವರು 1, 1 ಕೊಟ್ಟವರು 1. ಸರಾಸರಿ 4.6.

ಹಿಂದಿನ ಬ್ಲಾಕ್, 40 ಮನೆ: 5 ಕೊಟ್ಟವರು 2, 4 ಕೊಟ್ಟವರು 2, 3 ಕೊಟ್ಟವರು 3, 2 ಕೊಟ್ಟವರು 9, 1 ಕೊಟ್ಟವರು 24. ಸರಾಸರಿ ಸುಮಾರು 1.7.

ಹಿಂದಿನ ಬ್ಲಾಕ್‌ನ 40 ಮನೆಗಳಲ್ಲಿ 33 ಮನೆಗಳಿಗೆ ನೀರಿನ ತೊಂದರೆ. ‘ಶೇ 69 ತೃಪ್ತಿ’ ಎಂಬ ಸಂದೇಶ ಈ 33 ಮನೆಗಳನ್ನು ಅಳಿಸಿಹಾಕಿತು. ಟ್ಯಾಂಕರ್ ಬೇಡ ಎಂಬ ತೀರ್ಮಾನದ ಬಿಸಿ ತಟ್ಟುವುದು ಅವರಿಗೇ. ಯಾರೂ ಸುಳ್ಳು ಹೇಳಲಿಲ್ಲ, ಕೂಡುವ ಲೆಕ್ಕವೂ ತಪ್ಪಲಿಲ್ಲ. ಆದರೂ ಅನ್ಯಾಯವಾಯಿತು.

ಈ 1-5ರ ಪದ್ಧತಿ ಬಂದದ್ದು ಎಲ್ಲಿಂದ?

ಅಮೆರಿಕದ ಮನಶ್ಶಾಸ್ತ್ರಜ್ಞ ರೆನ್ಸಿಸ್ ಲಿಕರ್ಟ್ 1932ರಲ್ಲಿ ಜನರ ಮನೋಭಾವ ಅಳೆಯುವ ಒಂದು ವಿಧಾನವನ್ನು ಪ್ರಕಟಿಸಿದರು. ‘ಬಲವಾಗಿ ಒಪ್ಪುತ್ತೇನೆ’ಯಿಂದ ‘ಬಲವಾಗಿ ವಿರೋಧಿಸುತ್ತೇನೆ’ವರೆಗಿನ ಐದು ಮೆಟ್ಟಿಲು ಅಲ್ಲಿಂದಲೇ ಪ್ರಸಿದ್ಧವಾಯಿತು. ಹಲವರು ‘ಲೈಕರ್ಟ್’ ಎನ್ನುತ್ತಾರೆ, ಅವರ ಹೆಸರಿನ ಉಚ್ಚಾರ ‘ಲಿಕರ್ಟ್’.

ಲಿಕರ್ಟ್ ಒಂದು ಪ್ರಶ್ನೆ ಕೇಳಿ ಸರಾಸರಿ ತೆಗೆಯಲಿಲ್ಲ. ಒಂದೇ ವಿಷಯದ ಬಗ್ಗೆ ಹಲವು ಹೇಳಿಕೆಗಳನ್ನು ಕೊಟ್ಟು, ಒಬ್ಬೊಬ್ಬರ ಉತ್ತರಗಳನ್ನೂ ಕೂಡಿ ಅಂಕ ಮಾಡಿದರು. ಇಂದು ನಮ್ಮ ಫೋನ್‌ಗೆ ಬರುವ ‘ಈ ಸೇವೆಗೆ ಎಷ್ಟು ಸ್ಟಾರ್?’ ಎಂಬ ಒಂಟಿ ಪ್ರಶ್ನೆ ಅದರ ತೀರಾ ಸಂಕ್ಷಿಪ್ತ ರೂಪ.

1946ರಲ್ಲಿ ಎಸ್.ಎಸ್. ಸ್ಟೀವನ್ಸ್ ಎಂಬ ಇನ್ನೊಬ್ಬ ಮನಶ್ಶಾಸ್ತ್ರಜ್ಞರು ಸಂಖ್ಯೆಗಳಲ್ಲಿ ನಾಲ್ಕು ಬಗೆ ಇವೆ ಎಂದರು. ಕೆಲವು ಸಂಖ್ಯೆ ಬರೀ ಹೆಸರು, ಬಸ್ಸಿನ ರೂಟ್ ನಂಬರ್ ಇದ್ದಂತೆ. ಕೆಲವು ಬರೀ ಕ್ರಮ ಹೇಳುತ್ತವೆ, ಓಟದ ಸ್ಪರ್ಧೆಯ ಒಂದು, ಎರಡು, ಮೂರು ಸ್ಥಾನಗಳಂತೆ. ಕೆಲವಕ್ಕೆ ಮೆಟ್ಟಿಲುಗಳ ನಡುವಿನ ಅಂತರ ಸಮವಾಗಿರುತ್ತದೆ, ಸೆಲ್ಸಿಯಸ್ ಉಷ್ಣಾಂಶದಂತೆ. ಕೆಲವಕ್ಕೆ ನಿಜವಾದ ಸೊನ್ನೆಯೂ ಇರುತ್ತದೆ, ತರಕಾರಿಯ ತೂಕದಂತೆ.

ತೃಪ್ತಿಯ 1-5 ಸೇರುವುದು ಎರಡನೆಯ ಗುಂಪಿಗೆ. 4 ಎಂಬುದು 3ಕ್ಕಿಂತ ಮೇಲೆ ಎಂದು ಗೊತ್ತು. ಆದರೆ 1ರಿಂದ 2ಕ್ಕೆ ಏರುವುದೂ 4ರಿಂದ 5ಕ್ಕೆ ಏರುವುದೂ ಸಮಾನ ಎಂದು ಹೇಳುವವರು ಯಾರು? ದಿನ ಬಿಟ್ಟು ದಿನ ನೀರು ಬರುತ್ತಿದ್ದ ಮನೆಗೆ ದಿನಕ್ಕೊಂದು ಗಂಟೆ ಬಂದರೆ ಅದು ದೊಡ್ಡ ಏರಿಕೆ. ದಿನವಿಡೀ ಬರುವ ಮನೆಯಲ್ಲಿ ಒತ್ತಡ ಸ್ವಲ್ಪ ಹೆಚ್ಚಾದರೆ ಅದು ಸಣ್ಣ ಏರಿಕೆ. ಮಾಪಕದಲ್ಲಿ ಎರಡೂ ಒಂದೊಂದು ಅಂಕ.

ಸಾಫ್ಟ್‌ವೇರ್ ತಪ್ಪು ಹಿಡಿಯುವುದಿಲ್ಲವೇ?

ಇಲ್ಲ. ಸಾಫ್ಟ್‌ವೇರ್ ಕೇಳಿದ ಲೆಕ್ಕ ಮಾಡುತ್ತದೆ, ಆ ಲೆಕ್ಕಕ್ಕೆ ಅರ್ಥವಿದೆಯೇ ಎಂದು ಕೇಳುವುದಿಲ್ಲ.

ಬೇಕಾದರೆ ಈ ಪ್ರಯೋಗ ಮಾಡಿ. ಜಯನಗರದ ಪಿನ್‌ಕೋಡ್ 560011, ಜೆ.ಪಿ. ನಗರದ್ದು 560078, ಬನಶಂಕರಿ ಎರಡನೇ ಹಂತದ್ದು 560070, ಬಿಟಿಎಂ ಲೇಔಟ್ ಎರಡನೇ ಹಂತದ್ದು 560076. ನಾಲ್ಕನ್ನೂ ಗೂಗಲ್ ಶೀಟ್ಸ್‌ಗೆ ಹಾಕಿ ಸರಾಸರಿ ಕೇಳಿ. ತಕರಾರಿಲ್ಲದೆ 560058.75 ಎಂದು ಕೊಡುತ್ತದೆ. ದಶಮಾಂಶ ಬಿಟ್ಟರೆ 560058. ಅದು ಪೀಣ್ಯದ ಪಿನ್‌ಕೋಡ್! ದಕ್ಷಿಣ ಬೆಂಗಳೂರಿನ ನಾಲ್ಕು ಬಡಾವಣೆಗಳ ‘ಸರಾಸರಿ’ ಊರಿನ ಇನ್ನೊಂದು ತುದಿಯ ಕೈಗಾರಿಕಾ ಪ್ರದೇಶ.

ಪಿನ್‌ಕೋಡ್ ವಿಷಯದಲ್ಲಿ ತಪ್ಪು ತಕ್ಷಣ ಕಾಣುತ್ತದೆ, ನಗು ಬರುತ್ತದೆ. ರೇಟಿಂಗ್ ವಿಷಯದಲ್ಲಿ ಕಾಣುವುದಿಲ್ಲ, ಅದೇ ಅಪಾಯ. ಹೆಚ್ಚಾಗಿ ಎಡವುವುದು ಈ ನಾಲ್ಕು ಕಡೆ:

1. ‘ಗೊತ್ತಿಲ್ಲ’ ಎಂಬ ಉತ್ತರ. ಸಮೀಕ್ಷೆಗಳಲ್ಲಿ ಇದಕ್ಕೆ 9 ಅಥವಾ 99 ಎಂಬ ಗುರುತು ಕೊಡುವ ರೂಢಿ ಇದೆ. ನಮ್ಮ ನೂರು ಉತ್ತರಗಳ ಜೊತೆ ಇನ್ನೂ ಹತ್ತು ಮನೆಯವರು ‘ಗೊತ್ತಿಲ್ಲ’ ಎಂದರು, ಅದನ್ನು 9 ಎಂದು ತುಂಬಲಾಯಿತು ಎನ್ನಿ. ಸಾಫ್ಟ್‌ವೇರ್‌ಗೆ ಹೇಳದಿದ್ದರೆ ಅದು ಈ 9ನ್ನೂ ಅಂಕವೆಂದೇ ಕೂಡುತ್ತದೆ. ಸರಾಸರಿ 3.95ಕ್ಕೆ ಏರುತ್ತದೆ. ಅದೇ ಹತ್ತನ್ನು 0 ಎಂದು ತುಂಬಿದರೆ 3.14ಕ್ಕೆ ಇಳಿಯುತ್ತದೆ. ಖಾಲಿ ಬಿಟ್ಟರೆ 3.45. ನಿವಾಸಿಗಳ ಉತ್ತರ ಒಂದೇ, ಫಲಿತಾಂಶ ಮೂರು! ಎಸ್‌ಪಿಎಸ್‌ಎಸ್‌ನಲ್ಲಿ ‘ಮಿಸ್ಸಿಂಗ್’ ಎಂಬ ಕಾಲಂ ಇರುವುದು ಇದನ್ನು ತಿಳಿಸಲೆಂದೇ. ಶೀಟ್‌ನಲ್ಲಾದರೆ ಆ ಜಾಗ ಖಾಲಿ ಬಿಡಿ, ‘ಗೊತ್ತಿಲ್ಲ’ ಎಂದವರ ಸಂಖ್ಯೆಯನ್ನು ಬೇರೆಯಾಗಿ ಬರೆಯಿರಿ.

2. ಉಲ್ಟಾ ಪ್ರಶ್ನೆ. ‘ನೀರು ಸಾಕಷ್ಟು ಬರುತ್ತದೆ’ ಎಂಬುದಕ್ಕೆ 5 ಕೊಟ್ಟರೆ ಒಳ್ಳೆಯದು. ‘ಟ್ಯಾಂಕರ್‌ಗೆ ಕಾಯಬೇಕಾಗುತ್ತದೆ’ ಎಂಬುದಕ್ಕೆ 5 ಕೊಟ್ಟರೆ ಕೆಟ್ಟದ್ದು. ಎರಡನ್ನೂ ಹಾಗೇ ಕೂಡಿದರೆ ಒಂದನ್ನೊಂದು ಹೊಡೆದುಹಾಕುತ್ತವೆ. ಎರಡನೆಯದನ್ನು ಮೊದಲು ತಿರುಗಿಸಬೇಕು: 6ರಿಂದ ಕೊಟ್ಟ ಅಂಕ ಕಳೆಯಿರಿ. 5 ಎಂಬುದು 1 ಆಗುತ್ತದೆ, 4 ಎಂಬುದು 2 ಆಗುತ್ತದೆ.

3. ಅಕ್ಷರಮಾಲೆಯ ಕ್ರಮ. ಉತ್ತರಗಳು ‘ಒಪ್ಪುತ್ತೇನೆ’, ‘ತಟಸ್ಥ’, ‘ವಿರೋಧಿಸುತ್ತೇನೆ’ ಎಂಬ ಪದಗಳಲ್ಲಿ ಇದ್ದರೆ ಶೀಟ್‌ನ ಪಿವೋಟ್ ಟೇಬಲ್ ಆಗಲಿ, ಆರ್ ಎಂಬ ಉಚಿತ ಸಾಫ್ಟ್‌ವೇರ್ ಆಗಲಿ ತಾವಾಗಿಯೇ ಅಕ್ಷರಮಾಲೆಯ ಪ್ರಕಾರ ಜೋಡಿಸುತ್ತವೆ. ಆಗ ‘ಬಲವಾಗಿ ಒಪ್ಪುತ್ತೇನೆ’ ಎಂಬುದು ‘ತಟಸ್ಥ’ದ ನಂತರ ಬಂದು ಕೂರುತ್ತದೆ, ಗ್ರಾಫ್ ನೋಡಿದವರಿಗೆ ದಾರಿ ತಪ್ಪುತ್ತದೆ. ಸರಿಯಾದ ಕ್ರಮವನ್ನು ನಾವೇ ಹೇಳಿಕೊಡಬೇಕು.

4. ಮಾಪಕದ ಬಗೆ. ಎಸ್‌ಪಿಎಸ್‌ಎಸ್‌ನಲ್ಲಿ ‘ಮೆಷರ್’ ಎಂಬ ಕಾಲಂನಲ್ಲಿ ನಾಮಿನಲ್, ಆರ್ಡಿನಲ್, ಸ್ಕೇಲ್ ಎಂಬ ಮೂರು ಆಯ್ಕೆಗಳಿವೆ. ರೇಟಿಂಗ್‌ಗೆ ಆರ್ಡಿನಲ್, ಅಂದರೆ ಕ್ರಮಸೂಚಕ. ಜಮೋವಿ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲೂ ಇದೇ ಬಗೆಯ ಆಯ್ಕೆ ಇದೆ.

ಇಷ್ಟೆಲ್ಲ ಸಾಫ್ಟ್‌ವೇರ್ ಇಲ್ಲದಿದ್ದರೂ ಚಿಂತೆಯಿಲ್ಲ. ಗೂಗಲ್ ಶೀಟ್ಸ್‌ನ ಕೌಂಟ್‌ಇಫ್ ಫಂಕ್ಷನ್‌ನಿಂದ ಪ್ರತಿ ಅಂಕ ಎಷ್ಟು ಸಲ ಬಂದಿದೆ ಎಂದು ಎಣಿಸಬಹುದು. ಪಿವೋಟ್ ಟೇಬಲ್‌ನಿಂದ ಬ್ಲಾಕ್ ಪ್ರಕಾರ ಬೇರ್ಪಡಿಸಬಹುದು. ಅಪಾರ್ಟ್‌ಮೆಂಟ್ ಸಮೀಕ್ಷೆಗೆ ಇದು ಧಾರಾಳ ಸಾಕು.

ಹಾಗಿದ್ದರೆ ಸರಾಸರಿ ತೆಗೆಯಲೇಬಾರದೇ?

ಹಾಗೇನಿಲ್ಲ. ಈ ಬಗ್ಗೆ ಸಂಖ್ಯಾಶಾಸ್ತ್ರಜ್ಞರಲ್ಲೇ ದಶಕಗಳಿಂದ ವಾದವಿದೆ. ಒಂಟಿ ಪ್ರಶ್ನೆಯ ಸರಾಸರಿ ತೆಗೆಯಬಾರದು ಎನ್ನುವವರಿದ್ದಾರೆ. ಹಲವು ಪ್ರಶ್ನೆಗಳನ್ನು ಕೂಡಿ ಮಾಡಿದ ಅಂಕಕ್ಕೆ ಸರಾಸರಿ ತೆಗೆಯುವುದು ಬಳಕೆಯಲ್ಲಿ ಸರಿಯೇ ಎನ್ನುವವರು ಹೆಚ್ಚು. ಹಾಗೆ ಕೂಡುವ ಮುನ್ನ ಆ ಪ್ರಶ್ನೆಗಳ ಉತ್ತರಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡಲು ‘ಕ್ರಾನ್‌ಬ್ಯಾಕ್ ಆಲ್ಫಾ’ ಎಂಬ ಅಳತೆಯನ್ನು ಬಳಸುತ್ತಾರೆ. ಅದು 1951ರಿಂದ ಪ್ರಸಿದ್ಧ. ಎರಡು ಗುಂಪುಗಳನ್ನು ಹೋಲಿಸುವಾಗ ಅಂಕದ ಬದಲು ಕ್ರಮವನ್ನಷ್ಟೇ ನೋಡುವ ‘ಮ್ಯಾನ್-ವಿಟ್ನಿ’ ಪರೀಕ್ಷೆಯೂ ಇದೆ. ಎಸ್‌ಪಿಎಸ್‌ಎಸ್, ಆರ್, ಜಮೋವಿ ಮೂರರಲ್ಲೂ ಇವು ಸಿಗುತ್ತವೆ.

ಸರಾಸರಿ ಕೊಡಿ, ಆದರೆ ಒಂಟಿಯಾಗಿ ಕೊಡಬೇಡಿ. ಪಕ್ಕದಲ್ಲಿ ಐದೂ ಅಂಕಗಳ ಹಂಚಿಕೆ ಇರಲಿ.

32 ಲಕ್ಷ ಜನ ಉತ್ತರಿಸಿದರೆ ಸಾಲದೇ?

2020ರ ಆ ನಾಗರಿಕ ಸಮೀಕ್ಷೆಯಲ್ಲಿ 111 ನಗರಗಳಿಂದ 32.2 ಲಕ್ಷ ಜನ ಭಾಗವಹಿಸಿದ್ದರು. ಇಂಥ ದೊಡ್ಡ ಸಂಖ್ಯೆ ಕಂಡರೆ ನಂಬಿಕೆ ತಾನಾಗಿ ಬರುತ್ತದೆ. ಆದರೆ ಯಾವ ಸಮೀಕ್ಷೆಯಲ್ಲೇ ಆಗಲಿ, ಎಷ್ಟು ಜನ ಎನ್ನುವುದರ ಜೊತೆಗೆ ಯಾರು ಉತ್ತರಿಸಿದರು ಎನ್ನುವುದೂ ಮುಖ್ಯ.

ಇದಕ್ಕೆ ಜಗತ್ಪ್ರಸಿದ್ಧ ಉದಾಹರಣೆ 1936ರ ಅಮೆರಿಕ ಅಧ್ಯಕ್ಷೀಯ ಚುನಾವಣೆ. ‘ಲಿಟರರಿ ಡೈಜೆಸ್ಟ್’ ಪತ್ರಿಕೆಗೆ ಸುಮಾರು 24 ಲಕ್ಷ ಉತ್ತರಗಳು ಬಂದವು. ಲ್ಯಾಂಡನ್ ಗೆಲ್ಲುತ್ತಾರೆ ಎಂದು ಪತ್ರಿಕೆ ಬರೆಯಿತು. ಗೆದ್ದದ್ದು ರೂಸ್‌ವೆಲ್ಟ್, ಅದೂ ಭಾರಿ ಅಂತರದಿಂದ. ಪತ್ರಿಕೆ ವಿಳಾಸಗಳನ್ನು ತೆಗೆದದ್ದು ಮುಖ್ಯವಾಗಿ ಟೆಲಿಫೋನ್ ಡೈರೆಕ್ಟರಿ, ಕಾರು ನೋಂದಣಿ ಪಟ್ಟಿಗಳಿಂದ. ಆ ಕಷ್ಟದ ಕಾಲದಲ್ಲಿ ಫೋನು, ಕಾರು ಇದ್ದವರು ಅನುಕೂಲಸ್ಥರು. ಜೊತೆಗೆ ಉತ್ತರ ಬರೆದು ಕಳಿಸುವಷ್ಟು ಆಸಕ್ತಿ ಇದ್ದವರೂ ಒಂದೇ ಕಡೆಯವರು ಹೆಚ್ಚು. ಅದಕ್ಕಿಂತ ಎಷ್ಟೋ ಚಿಕ್ಕ ಸಮೀಕ್ಷೆ ಮಾಡಿದ ಜಾರ್ಜ್ ಗ್ಯಾಲಪ್ ಗೆಲ್ಲುವವರನ್ನು ಸರಿಯಾಗಿ ಹೇಳಿದರು.

ನಮ್ಮ ಅಪಾರ್ಟ್‌ಮೆಂಟ್‌ಗೇ ವಾಪಸ್ ಬನ್ನಿ. 200 ಮನೆಗಳಲ್ಲಿ ಉತ್ತರಿಸಿದ್ದು 100. ಉಳಿದ ನೂರು ಯಾರು? ಎಷ್ಟೋ ಕಡೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮಾಲೀಕರು ಇರುತ್ತಾರೆ, ಬಾಡಿಗೆದಾರರು ಇರುವುದಿಲ್ಲ. ಮಾಲೀಕರು ಬೇರೆ ಊರಲ್ಲಿದ್ದುಕೊಂಡು 5 ಒತ್ತಬಹುದು, ದಿನಾ ಬಕೆಟ್ ತುಂಬಿಸುವವರಿಗೆ ಲಿಂಕೇ ತಲುಪಿರುವುದಿಲ್ಲ. ಬಿಟಿಎಂ ಲೇಔಟ್‌ನಂಥ ಕಡೆ ಪಿಜಿಗಳಲ್ಲಿ ಇರುವ ಹುಡುಗ ಹುಡುಗಿಯರನ್ನು ಬಿಟ್ಟು ಬಡಾವಣೆಯ ಸಮೀಕ್ಷೆ ಮಾಡಿದರೆ ಅದು ಯಾರ ಅಭಿಪ್ರಾಯ?

‘ನೂರು ಜನರ ಸಮೀಕ್ಷೆಯಲ್ಲಿ ಹತ್ತು ಅಂಕ ಆಚೀಚೆ ಇರಬಹುದು’ ಎಂಬ ಲೆಕ್ಕ ಕೇಳಿರಬಹುದು. ಅದು ಚೀಟಿ ಎತ್ತಿದಂತೆ ಆಯ್ಕೆ ಮಾಡಿದ ಜನರಿಗೆ ಮಾತ್ರ ಹೊಂದುತ್ತದೆ. ಲಿಂಕ್ ನೋಡಿ ಮನಸ್ಸು ಬಂದವರು ಒತ್ತಿದ ಸಮೀಕ್ಷೆಗೆ ಅದು ಅನ್ವಯಿಸುವುದಿಲ್ಲ.

ಅಂಗಡಿ, ಹೋಟೆಲ್‌ಗಳ ಸ್ಟಾರ್ ರೇಟಿಂಗ್‌ಗೂ ಇದೇ ಮಾತು. ಆರು ಜನ 5 ಸ್ಟಾರ್ ಕೊಟ್ಟ ಹೋಟೆಲ್‌ಗೆ ಏಳನೆಯವರೊಬ್ಬರು 1 ಕೊಟ್ಟರೆ 5.0 ಇದ್ದದ್ದು 4.4 ಆಗುತ್ತದೆ. ಸಾವಿರ ಜನ ರೇಟಿಂಗ್ ಕೊಟ್ಟ ಹೋಟೆಲ್‌ಗೆ ಆ ಒಂದರಿಂದ ಏನೂ ಆಗುವುದಿಲ್ಲ. ಸ್ಟಾರ್ ನೋಡುವ ಮೊದಲು ಪಕ್ಕದ ಸಂಖ್ಯೆ ನೋಡಿ.

ಸರಿಯಾಗಿ ಬರೆಯುವುದು ಹೇಗೆ?

ಸಮಿತಿ ಕಳಿಸಿದ ಸಂದೇಶ ಹೀಗಿತ್ತು: ‘ಶೇ 69 ನಿವಾಸಿಗಳಿಗೆ ನೀರಿನ ಬಗ್ಗೆ ತೃಪ್ತಿ ಇದೆ.’

ಕಳಿಸಬೇಕಾಗಿದ್ದದ್ದು ಹೀಗೆ: ‘200 ಮನೆಗಳಲ್ಲಿ 100 ಮನೆಗಳು ಉತ್ತರಿಸಿವೆ. ನೀರಿನ ಪೂರೈಕೆಗೆ 60 ಮನೆಗಳು 4 ಅಥವಾ 5, ಐದು ಮನೆಗಳು 3, 35 ಮನೆಗಳು 1 ಅಥವಾ 2 ಕೊಟ್ಟಿವೆ. ಮುಂದಿನ ಬ್ಲಾಕ್‌ನ 60ರಲ್ಲಿ 56 ಮನೆಗಳಿಗೆ ತೃಪ್ತಿ ಇದೆ. ಹಿಂದಿನ ಬ್ಲಾಕ್‌ನ 40ರಲ್ಲಿ 33 ಮನೆಗಳಿಗೆ ತೊಂದರೆ ಇದೆ. ಉತ್ತರಿಸದ ಮನೆಗಳಲ್ಲಿ ಬಾಡಿಗೆದಾರರಿದ್ದರೆ ಅವರನ್ನೂ ಕೇಳಿ ಭಾನುವಾರದ ಸಭೆಗೆ ತಿಳಿಸಲಾಗುವುದು.’

ಎರಡನೆಯದು ಉದ್ದ ಇದೆ, ನಿಜ. ಆದರೆ ಅದನ್ನು ಓದಿದವರು ಹಿಂದಿನ ಬ್ಲಾಕ್‌ಗೆ ಟ್ಯಾಂಕರ್ ತರಿಸುತ್ತಾರೆ. ಒಂದು ಎಚ್ಚರ: ತೀರಾ ಚಿಕ್ಕ ಗುಂಪುಗಳಾಗಿ ಒಡೆದು ‘ಮೂರನೇ ಮಹಡಿಯ ಇಬ್ಬರಲ್ಲಿ ಒಬ್ಬರು’ ಎಂದೆಲ್ಲ ಬರೆಯಬೇಡಿ. ಯಾರೆಂದು ಗೊತ್ತಾಗಿಬಿಡುತ್ತದೆ, ಮುಂದಿನ ಸಲ ಯಾರೂ ಮನಸ್ಸು ಬಿಚ್ಚಿ ಉತ್ತರಿಸುವುದಿಲ್ಲ.

ಫಾರ್ವರ್ಡ್ ಒತ್ತುವ ಮುನ್ನ ಆರು ಪ್ರಶ್ನೆ

1. ಇದು ಅಂಕವೋ, ಜನರ ಶೇಕಡಾವಾರೋ?
2. ಎಷ್ಟು ಜನರನ್ನು ಕೇಳಿದರು, ಎಷ್ಟು ಜನ ಉತ್ತರಿಸಿದರು?
3. ಉತ್ತರಿಸಿದವರು ಯಾರು, ಬಿಟ್ಟುಹೋದವರು ಯಾರು?
4. ಯಾವಾಗ ಕೇಳಿದ್ದು? ಸುದ್ದಿ ಬಂದ ದಿನವನ್ನಲ್ಲ, ಪ್ರಶ್ನೆ ಕೇಳಿದ ದಿನವನ್ನು ನೋಡಿ.
5. 1ರಿಂದ 5ರವರೆಗಿನ ಹಂಚಿಕೆ ಕೊಟ್ಟಿದ್ದಾರೆಯೇ, ಬರೀ ಸರಾಸರಿಯೇ?
6. ಹಿಂದಿನ ಸಲದ ಫಲಿತಾಂಶಕ್ಕೆ ಹೋಲಿಸಿದ್ದರೆ, ಅಳೆದ ರೀತಿ ಎರಡೂ ಸಲ ಒಂದೇ ಆಗಿತ್ತೇ?

ಆರಕ್ಕೂ ಉತ್ತರ ಸಿಗಬೇಕೆಂದಿಲ್ಲ. ಮೊದಲ ಎರಡಕ್ಕಾದರೂ ಸಿಗದಿದ್ದರೆ ಆ ಸಂದೇಶ ನಿಮ್ಮ ಫೋನ್‌ನಲ್ಲೇ ನಿಲ್ಲಲಿ.

ಬೆಂಗಳೂರು ಆ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆದದ್ದು ಸುಳ್ಳಲ್ಲ, ಹೆಮ್ಮೆ ಪಡುವವರು ಪಡಲಿ. ಆದರೆ ಮುಂದಿನ ಸಲ ನಿಮ್ಮ ಬಿಲ್ಡಿಂಗ್‌ನ, ಶಾಲೆಯ, ಬಡಾವಣೆಯ ಗುಂಪಿನಲ್ಲಿ ‘ಸರಾಸರಿ 3.45, ಎಲ್ಲ ಸರಿಯಿದೆ’ ಎಂಬ ಸಂದೇಶ ಬಂದಾಗ ಒಂದು ಸಾಲು ಬರೆಯಿರಿ: ‘1 ಮತ್ತು 2 ಕೊಟ್ಟವರು ಎಷ್ಟು ಜನ? ಅವರು ಯಾವ ಬ್ಲಾಕ್‌ನವರು?’ ಹಿಂದಿನ ಬ್ಲಾಕ್‌ನ ಯಾರೋ ಆ ಪ್ರಶ್ನೆಗಾಗಿ ಕಾಯುತ್ತಿರಬಹುದು.